ನನ್ನ ಪಾಲಿನ ಹಿಡಿಮಣ್ಣು

ನಂಜನಗೂಡಿನಲ್ಲಿ ಕವನಳ ಬಾಡಿಗೆ ಮನೆಯಿಂದ ಅವಳು ಪಾಠ ಮಾಡುವ ಸ್ಕೂಲಿಗೆ ನೆಟ್ಟಗಿನ ದಾರಿಯೇ ಇತ್ತು. ಅವಳು ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಸುತ್ತಿಕೊಂಡು ಬಾಳೆಮಂಡಿ ಬೀದಿಗೆ ಬಂದು, ಒಂದು ಕಾಲದ ಗೆಳತಿ ಚೈತ್ರಳ ಅಪ್ಪ ಪುಟ್ಟಬಸವಯ್ಯನವರ ಮನೆಯ ಜಗುಲಿಯನ್ನು ನೋಡಿಯೂ ನೋಡದವಳ ಹಾಗೆ ಹಾದು ಹೋಗುತ್ತಿದ್ದಳು. ಜಗುಲಿಯ ಮೇಲೆ ಚೈತ್ರ ಇರುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಚೈತ್ರ ಮದುವೆಯಾಗಿ ಟಿ. ನರಸೀಪುರ ಸೇರಿ ಆಗಲೇ ಎರಡು ವರ್ಷ. ಒಂದು ವೇಳೆ ಇದ್ದಿದ್ದರೂ ಇವಳೇನು ಮಾತಾಡಿಸುತ್ತಿರಲಿಲ್ಲ. ಎಂಟು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಆದರೆ ಚೈತ್ರಳನ್ನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ಮೀನಿನ ಮುಳ್ಳಿನ ಹಾಗೆ ಕವನಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕೊನೆಯಲ್ಲಿ ಅವ್ವನ ಮುಖ ಹೇಗಿತ್ತು?

ಅಪ್ಪ ದೇವಯ್ಯನನ್ನು ಕೇಳಿ ನೋಡಿದ್ದಳು. "ಎಂಗಿರ್ತದವ್ವ, ಸತ್ತೋರ ಮೊಕ ಇದ್ದಂಗಿತ್ತು" ಅಂದಿದ್ದ. ಅಣ್ಣ ರಾಜೇಂದ್ರನನ್ನು ಕೇಳಿದರೆ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದೇ ಹೋಗುತ್ತಿದ್ದ. ಹೆಣ್ಣಿನ ಕಣ್ಣಲ್ಲಿ, ಮಗಳು ನೋಡುವ ಹಾಗೆ ಆ ಮುಖವನ್ನು ನೋಡಿದ್ದವಳು ಒಬ್ಬಳೇ. ಕವನ ಅವಳ ಜೊತೆಗೇ ಮಾತು ಬಿಟ್ಟಿದ್ದಳು.

ಇಬ್ಬರೂ ಜೊತೆಯಾದದ್ದು ನಂಜನಗೂಡಿನ ಜೂನಿಯರ್ ಕಾಲೇಜಿನಲ್ಲಿ. ತಲಕಾಡು ರಸ್ತೆಯ ಹಳ್ಳಿಯಿಂದ ಬಂದ ಕವನ ಹಾಸ್ಟೆಲಿನಲ್ಲಿದ್ದಳು, ಬಾಳೆಮಂಡಿಯವರ ಮಗಳು ಚೈತ್ರ ಅಲ್ಲೇ ನಾಲ್ಕು ಹೆಜ್ಜೆ ದೂರದ ಮನೆಯಲ್ಲಿದ್ದಳು. ಒಬ್ಬಳು ಆರ್ಟ್ಸು, ಇನ್ನೊಬ್ಬಳು ಕಾಮರ್ಸು. ಕನ್ನಡದ ಕ್ಲಾಸು ಮಾತ್ರ ಒಟ್ಟಿಗೆ. ಆ ಕ್ಲಾಸಿನಲ್ಲಿ ನಕ್ಕು ನಕ್ಕು ಹೊರಗೆ ನಿಲ್ಲಿಸಿಕೊಂಡ ಮೇಲೆ ಇಬ್ಬರನ್ನೂ ಬಿಡಿಸುವುದು ಯಾರಿಂದಲೂ ಆಗಲಿಲ್ಲ.

ಫಸ್ಟ್ ಪಿಯುಸಿ ಮುಗಿದ ಬೇಸಿಗೆ. ಚೈತ್ರ ಮನೆಯಲ್ಲಿ ಮುಡುಕುತೊರೆಗೆ ಪೂಜೆಗೆ ಹೋಗುತ್ತೇನೆ ಅಂತ ಹೇಳಿ ಕವನಳ ಹಳ್ಳಿಗೆ ಬಂದಿಳಿದಳು. ಕವನಳ ಅವ್ವ ಮರಿತಾಯಮ್ಮ ಆ ಮೇಲುಜಾತಿಯ ಹುಡುಗಿಯ ಮುಂದೆ ಮಾವಿನಕಾಯಿ, ಸೌತೆಕಾಯಿ, ಬಾಳೆಹಣ್ಣು ತಂದಿಟ್ಟಳು. ಒಲೆಯ ಮೇಲೆ ಬೆಂದದ್ದು ಒಂದೂ ಇಲ್ಲ. ಚೈತ್ರ ತಟ್ಟೆ ನೋಡಿದಳು, ಮೂಗು ಎಳೆದು ಒಲೆಯ ಕಡೆ ನೋಡಿದಳು. ಬಸ್ಸಾರಿನ ವಾಸನೆ ಮನೆ ತುಂಬ ಇತ್ತು.

"ಮುದ್ದೆ ನಿಮಗೆ ಮಾತ್ರಾನಾ?" ಅಂದಳು.

"ಅಯ್ಯೋ ಮಗಾ, ನಮ್ಮನೇಲಿ ಉಂಡಿದ್ದು ನಿಮ್ಮಪ್ಪಂಗೆ ಗೊತ್ತಾದ್ರೆ ನನ್ ಚರ್ಮ ಸುಲಿದಾರು ಕಣವ್ವ."

"ಗೊತ್ತಾದ್ರೆ ತಾನೆ? ಬಡಿಸಿ. ನಾನಂತೂ ಬಾಯಿ ಬಿಡಲ್ಲ."

ಬಿಡಲೂ ಇಲ್ಲ. ಗುಟ್ಟು ಕಾಯುವುದರಲ್ಲಿ ಚೈತ್ರಳನ್ನು ಮೀರಿಸುವವರಿರಲಿಲ್ಲ. ಆ ಬೇಸಿಗೆ ಇಬ್ಬರೂ ನಡುಮಧ್ಯಾಹ್ನ ತಲಕಾಡಿನ ಮರಳಿಗೆ ಹೋದರು. ಚೈತ್ರಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಮರಳು ಕಾದ ಬಾಣಲೆಯಂತಿತ್ತು. ಕವನ ತನ್ನ ಚಪ್ಪಲಿಯಲ್ಲಿ ಒಂದನ್ನು ಅವಳಿಗೆ ಕೊಟ್ಟಳು, ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಹಿಡಿದು, ಒಂಟಿಕಾಲಲ್ಲಿ ಕುಪ್ಪಳಿಸುತ್ತ, ಬಿದ್ದು, ಎದ್ದು, ಕಿರುಚುತ್ತ ಬಸ್‌ಸ್ಟಾಪ್ ಸೇರಿದರು. ಮನೆಗೆ ಬಂದಾಗ ಮರಿತಾಯಮ್ಮ ಬಾಗಿಲಲ್ಲೇ ಹಿಡಿದಳು. ಅವಳು ಪ್ರೀತಿ ಬಂದರೂ ಬೈಯುವವಳು, ಸಿಟ್ಟು ಬಂದರೂ ಬೈಯುವವಳು.

"ಲೇ ಮೂದೇವಿಗಳಾ! ಬಿಸ್ಲಾಗೆ ಬೆಂದು ಬದ್ನೆಕಾಯಂಗೆ ಆಗಿದ್ದೀರಲ್ರೇ! ಚೈತ್ರವ್ವ, ನೀನಾದ್ರೂ ಬುದ್ದಿವಂತೆ ಅಂದ್ಕಂಡಿದ್ದೆ, ನೀನು ಇವಳಿಗಿಂತ ಕತ್ತೆ!"

ಚೈತ್ರಳಿಗೆ ಅವಳ ಮನೆಯಲ್ಲಿ ಯಾರೂ ಕತ್ತೆ ಅಂದಿರಲಿಲ್ಲ. ಆ ಮಾತನ್ನು ಅವಳು ಊರಿಗೆ ವಾಪಸು ಹೋದ ಮೇಲೂ ಬಹುಮಾನದ ಹಾಗೆ ಹೇಳಿಕೊಂಡು ಓಡಾಡಿದಳು.

ಮುಂದಿನ ಬೇಸಿಗೆ, ತೊಂಬತ್ತೊಂಬತ್ತರ ಏಪ್ರಿಲ್. ಸೆಕೆಂಡ್ ಪಿಯುಸಿ ಪರೀಕ್ಷೆ. ಕವನಳಿಗೆ ಅಂದು ಇತಿಹಾಸದ ಪೇಪರು, ಚೈತ್ರಳಿಗೆ ರಜೆ. ಬೆಳಿಗ್ಗೆ ಬೆಳಿಗ್ಗೆ ಚೈತ್ರ ಹಾಸ್ಟೆಲಿಗೆ ಇಡ್ಲಿ ಡಬ್ಬಿ ಹಿಡಿದು ಬಂದಳು. ಕೂರಿಸಿ ತಿನ್ನಿಸಿದಳು. "ತಿರುಗು, ಜಡೆ ಹಾಕ್ತೀನಿ" ಅಂದಳು. ಅವಳ ಕೈ ಅಂದು ಯಾಕೋ ಒರಟಾಗಿತ್ತು. "ಎಳೀಬೇಡ್ವೇ, ನೋಯುತ್ತೆ" ಅಂತ ಕವನ ರೇಗಿದಳು. ಚೈತ್ರ ಪರೀಕ್ಷೆಯ ಗೇಟಿನವರೆಗೂ ಬಂದು, "ಚೆನ್ನಾಗಿ ಬರಿ" ಅಂದು, ತಿರುಗಿ ನೋಡದೆ ಹೋದಳು.

ಪೇಪರು ಮುಗಿಸಿ ಹೊರಗೆ ಬಂದರೆ ಚೈತ್ರಳ ತಾಯಿ ಸಿದ್ದಲಿಂಗಮ್ಮ ಬಾಡಿಗೆ ವ್ಯಾನು ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಅವ್ವಂಗೆ ಹುಷಾರಿಲ್ವಂತೆ ಮಗಳೇ, ಹತ್ತು" ಅಂದರು. ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. ಊರಿಗೆ ಹೋದಾಗ ಮನೆಯ ಮುಂದೆ ಜನ ಇರಲಿಲ್ಲ. ಜನ ಎಲ್ಲ ಹೊಲದಿಂದ ಕೈಕಾಲು ತೊಳೆದುಕೊಂಡು ವಾಪಸು ಬರುತ್ತಿದ್ದರು.

ಮರಿತಾಯಮ್ಮ ಹಿಂದಿನ ರಾತ್ರಿಯೇ ಎದೆನೋವು ಅಂತ ಮಲಗಿದವಳು ಎದ್ದಿರಲಿಲ್ಲ. ರಾಜೇಂದ್ರ ಮೊದಲ ಬಸ್ಸಿಗೇ ನಂಜನಗೂಡಿಗೆ ಬಂದಿದ್ದ, ತಂಗಿಯ ಮುಖ ನೋಡುವ ಧೈರ್ಯ ಸಾಲದೆ ಚೈತ್ರಳ ಮನೆಯ ಬಾಗಿಲು ಬಡಿದಿದ್ದ. "ಪರೀಕ್ಸೆ ಮುಗಿಯೋಗಂಟ ಬಾಯ್ ಬುಡ್‌ಬ್ಯಾಡಿ ಅಂತ ಅಪ್ಪ ಏಳವ್ನೆ. ಅವ್ವಂಗೆ ಅವಳು ಓದಬೇಕು ಅಂತ ಬಲೇ ಆಸೆ ಇತ್ತು." ಸಂಜೆಯವರೆಗೆ ಮಣ್ಣು ಮಾಡದ ಹಾಗೆ ನೋಡಿಕೊಳ್ಳುತ್ತೇನೆ ಅಂತ ಚೈತ್ರ ಅವನ ಜೊತೆ ಹಳ್ಳಿಗೆ ಹೋಗಿದ್ದಳು. ಆದರೆ ಏಪ್ರಿಲ್ಲಿನ ಬಿಸಿಲು, ಹೊತ್ತೇರಿದರೆ ಹೆಣ ಇಡುವ ಹಾಗಿರಲಿಲ್ಲ. ಕುಲದ ಹಿರಿಯರು ಪೇಟೆಯ ಒಂದು ಹುಡುಗಿಯ ಮಾತು ಕೇಳುತ್ತಾರಾ? ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಎತ್ತಿಬಿಟ್ಟರು.

ಅವರ ಕಡೆ ಗುಂಡಿಗೆ ಇಳಿಸಿದ ಮೇಲೆ ಹತ್ತಿರದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹೆತ್ತ ಮಕ್ಕಳು ಹಾಕಿದ ಮಣ್ಣು ಬಿದ್ದರೇ ಸತ್ತವರಿಗೆ ಸಮಾಧಾನ ಅನ್ನುತ್ತಾರೆ. ಕವನಳ ಹಿಡಿ ಹಾಕುವವರು ಯಾರು ಅಂತ ಹಿರಿಯರು ಕೇಳಿದಾಗ ಚೈತ್ರ ಮುಂದೆ ಬಂದಿದ್ದಳು. ಒಂದು ತನ್ನದು. ಇನ್ನೊಂದು, "ಇದು ಕವನಂದು."

ಕವನಳಿಗೆ ಅಂದು ಸಾವಿನ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನ ಮೇಲೂ ಬರಲಿಲ್ಲ. ಅಂಗಳದಲ್ಲಿ ಬೆರಳ ಸಂದಿಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ನಿಂತಿದ್ದ ಆ ಹುಡುಗಿಯ ಮೇಲೆ ಬಂತು.

"ಇಡ್ಲಿ ತಿನ್ನಿಸ್ದೆಯಲ್ಲೇ! ಜಡೆ ಹಾಕ್ದೆಯಲ್ಲೇ! ಗೊತ್ತಿದ್ದೂ ಗೊತ್ತಿದ್ದೂ!"

"ಕವನಾ, ಕೇಳು..."

"ನನ್ ಪಾಲಿನ ಮಣ್ಣು ಆಕಕ್ಕೆ ನೀನ್ಯಾರೇ? ನಿನ್ನ ಯಾರು ಕೇಳಿದ್ರು? ಓಗು. ಇನ್ನು ನನ್ ಮೊಕ ನೋಡ್‌ಬ್ಯಾಡ."

ಚೈತ್ರ ಹೋದಳು. ಆಮೇಲೆ ಬಂದಳು, ಕಾದಳು, ಮದುವೆಯ ಪತ್ರಿಕೆ ಕಳಿಸಿದಳು. ಕವನ ಒಂದಕ್ಕೂ ಉತ್ತರ ಕೊಡಲಿಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಅದೇ ನಂಜನಗೂಡಿಗೆ ಟೀಚರಾಗಿ ಬಂದಳು, ಇತಿಹಾಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಖುಷಿಯಿಂದ ಪಾಠ ಮಾಡಿದಳು, ಮತ್ತು ದಿನಾ ಬಾಳೆಮಂಡಿ ಬೀದಿ ಸುತ್ತಿದಳು.

ಎರಡು ಸಾವಿರದ ಏಳರ ಮೇ ತಿಂಗಳಲ್ಲಿ, ಫೇಲಾದ ಮಕ್ಕಳ ಬೇಸಿಗೆ ಕ್ಲಾಸು ಮುಗಿಸಿ ಹಾಗೇ ಸುತ್ತಿಕೊಂಡು ಬರುತ್ತಿದ್ದಾಗ, ಪುಟ್ಟಬಸವಯ್ಯನವರ ಮನೆಯ ಮುಂದೆ ಶಾಮಿಯಾನ ಹಾಕುತ್ತಿದ್ದರು. ಅವಳ ಕಾಲು ಅಲ್ಲೇ ನಿಂತಿತು.

"ಕವನಾ, ಬಾರವ್ವ." ಪುಟ್ಟಬಸವಯ್ಯನವರೇ ಕರೆದರು. ಮಂಡಿಯಲ್ಲಿ ಹರಾಜು ಕೂಗಿ ಕೂಗಿ ದಪ್ಪಗಾಗಿದ್ದ ಅವರ ದನಿ ಅಂದು ನೂಲಿನಷ್ಟು ಸಣ್ಣಗಿತ್ತು. "ನಿಮ್ಮಮ್ಮ ಹೋಗ್ಬುಟ್ಲು ಕಣವ್ವ."

ನಡುಮನೆಯಲ್ಲಿ ಚೈತ್ರಳ ತಾಯಿ ಸಿದ್ದಲಿಂಗಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಸಕ್ಕರೆ ಕಾಯಿಲೆಯಲ್ಲಿ ಕರಗಿ ಕರಗಿ ಮುಖ ಅಂಗೈಯಷ್ಟಾಗಿತ್ತು. ಎಂಟು ವರ್ಷದ ಹಿಂದೆ ವ್ಯಾನಿನಲ್ಲಿ ತನ್ನ ಕೈ ಬಿಡದಿದ್ದ ಆ ಕೈಯನ್ನು ಕವನ ಮುಟ್ಟಿದಳು. ಅಷ್ಟರಲ್ಲಿ ಮೂಲೆಯಲ್ಲಿದ್ದ ಫೋನು ಬಡಿದುಕೊಂಡಿತು. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಫೋನನ್ನೇ ನೋಡಿದರು. ಯಾರೂ ಎತ್ತಲಿಲ್ಲ. ಅದು ಬಡಿದು ಬಡಿದು ಸುಮ್ಮನಾಯಿತು.

"ಅವಳೇ," ಅಂದರು ಪುಟ್ಟಬಸವಯ್ಯ. "ಚೈತ್ರ. ಬೆಳಗಿಂದ ಮಾಡ್ತಾನೇ ಅವಳೆ. ಹೆರಿಗೆಯಾಗಿ ಒಂಬತ್ತು ದಿನ. ಇವಳು ಹಾಸಿಗೆ ಹಿಡಿದಿದ್ಲಲ್ಲ, ಅದಕ್ಕೇ ಬಾಣಂತನ ಅಲ್ಲೇ ಗಂಡನ ಮನೇಲಿ. ಹಸಿ ಬಾಣಂತಿ ಕಣವ್ವ, ಈ ಸುದ್ದಿ ಕೇಳಿದ್ರೆ ಎದೆಹಾಲು ಬತ್ತೋಗ್ತದೆ. ಅಳಿಯ ಬಸವೇಶೂ ಮಂಡಿಗೆ ಲೋಡು ಬರ್ತದೆ ಅಂತ ಅವಳಿಗೆ ಸುಳ್ಳು ಹೇಳಿ ಬಂದವ್ನೆ." ಅವರು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡರು. "ನೀನೊಂದು ಉಪಕಾರ ಮಾಡು. ಅವಳ ಹತ್ರ ಹೋಗು. ನೀನ್ ಬಂದೆ ಅಂದ್ರೆ ಅವಳು ಫೋನು ಗೀನು ಎಲ್ಲ ಮರೀತಾಳೆ. ಸಂಜೆ ಐದಕ್ಕೆ ತೋಟದಲ್ಲಿ ಸಮಾಧಿ. ಅಲ್ಲೀವರ್ಗೂ ಮಾತಾಡಿಸ್ಕೊಂಡಿರು, ಸಾಕು. ಬಾಯಿ ಮಾತ್ರ ಬಿಡಬ್ಯಾಡ."

ತಾನು ಏನು ಕೇಳುತ್ತಿದ್ದೇನೆ, ಯಾರನ್ನು ಕೇಳುತ್ತಿದ್ದೇನೆ ಅನ್ನುವುದು ಆ ಹೊತ್ತಿನಲ್ಲಿ ಅವರಿಗೆ ಹೊಳೆದಿರಲಿಲ್ಲ. ಕವನ ಅವರ ಮುಖವನ್ನೇ ನೋಡಿದಳು. "ಆಯ್ತು ಅಪ್ಪಾಜಿ" ಅನ್ನುವ ಮಾತು ತಾನಾಗಿ ಬಾಯಿಂದ ಬಂತು.

ನರಸೀಪುರದ ಬಸ್ಸಿನಲ್ಲಿ ಕಿಟಕಿಯ ಕಂಬಿ ಮುಟ್ಟುವ ಹಾಗಿರಲಿಲ್ಲ. ಕವನಳ ಒಳಗೆ ಒಂದು ಕೆಟ್ಟ ಯೋಚನೆ ಬಂದು ಪಕ್ಕದ ಸೀಟಿನಲ್ಲೇ ಕೂತುಬಿಟ್ಟಿತು. ಆಗಲಿ. ಅವಳಿಗೂ ಗೊತ್ತಾಗಲಿ. ಅವಳೂ ಒಂದು ದಿನ ಮುಚ್ಚಿದ ಮಣ್ಣಿನ ಮುಂದೆ ಬಂದು ನಿಲ್ಲಲಿ. ಇದಕ್ಕೆ ತಾನೇನೂ ಮಾಡಬೇಕಾಗಿಲ್ಲ, ಸುಮ್ಮನೆ ನಗುತ್ತ ಕೂತರೆ ಸಾಕು. ಹಾಗಂದುಕೊಂಡ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಆ ಯೋಚನೆ ನರಸೀಪುರ ಬರುವವರೆಗೂ ಇಳಿದುಹೋಗಲಿಲ್ಲ.

ಬಾಗಿಲಲ್ಲಿ ಚೈತ್ರಳ ಅತ್ತೆ ಪುಟ್ಟಗೌರಮ್ಮ ಕವನಳ ರಟ್ಟೆ ಹಿಡಿದು ಪಿಸುಗುಟ್ಟಿದರು. "ಫೋನ್ ಮಾಡಿದ್ರು ಬೀಗರು. ಬಾಯಿ ತಪ್ಪಿ ಏನಾರ ಅಂದೀಯ ಮತ್ತೆ! ಮೊಕದಲ್ಲೂ ತೋರಿಸ್ಬೇಡ. ನಗ್ತಾ ಹೋಗು, ನಗ್ತಾ."

ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ವಾಸನೆ, ಮುಚ್ಚಿದ ಕಿಟಕಿ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು ಚೈತ್ರ ಮಂಚದ ಮೇಲೆ ಕೂತಿದ್ದಳು. ಬಾಗಿಲಲ್ಲಿ ನಿಂತವಳನ್ನು ನೋಡಿ ಮೊದಲು ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡಳು, ಕೊನೆಗೆ ತಲೆಯ ಬಟ್ಟೆಯನ್ನು ಕಿತ್ತೆಸೆದಳು.

"ಬಂದ್ಯಲ್ಲೇ ಕತ್ತೆ! ನೀನ್ ಬರ್ಬೇಕು ಅಂದ್ರೆ ನಾನು ಹೆರಲೇಬೇಕಿತ್ತಾ? ಮೊದಲೇ ಹೇಳಿದ್ರೆ ಮದುವೆಗೆ ಮುಂಚೇನೇ ಹೆತ್ತುಬಿಡ್ತಿದ್ದೆ!"

"ಶ್ಶ್, ಅತ್ತೆ ಇದಾರೆ."

"ಇರ್ಲಿ ಬಿಡು, ಅವರಿಗೂ ನಗು ಬೇಕು." ಚೈತ್ರ ಮಗುವನ್ನು ಎತ್ತಿ ಕವನಳ ತೊಡೆಯ ಮೇಲಿಟ್ಟಳು. ಕೆಂಪಗೆ, ಸುಕ್ಕು ಸುಕ್ಕಾಗಿ, ಮುಷ್ಟಿ ಬಿಗಿದುಕೊಂಡು ಮಲಗಿದ್ದ ಹೆಣ್ಣು ಮಗು. "ನೋಡು, ಯಾರೊಂದಿಗೋ ಜಗಳ ಆಡೋ ಹಂಗೆ ಮಲಗಿದೆ. ಥೇಟ್ ನೀನೇ."

ಇಷ್ಟು ಸುಲಭವಾಗಿತ್ತಾ? ಎಂಟು ವರ್ಷ ಸುತ್ತಿದ್ದ ಬೀದಿಯೆಲ್ಲ ಕವನಳ ಕಾಲಲ್ಲಿ ನೋಯತೊಡಗಿತು. ಚೈತ್ರ ಮಾತು ನಿಲ್ಲಿಸಲೇ ಇಲ್ಲ. ಮೆಣಸಿನ ಸಾರು ಉಂಡು ಉಂಡು ನಾಲಿಗೆ ಸತ್ತಿದೆ, ಒಂದು ಲೋಟ ತಣ್ಣೀರು ಕದ್ದು ತಂದುಕೊಡ್ತೀಯಾ, ನೀನು ಟೀಚರಂತೆ, ಮಕ್ಕಳಿಗೆ ಹೊಡೀತೀಯಾ. ನಡುವೆ ಥಟ್ಟನೆ, "ಬೆಳಗಿಂದ ನಮ್ಮಮ್ಮ ಫೋನ್ ಎತ್ತುತಾನೇ ಇಲ್ಲ ಕಣೇ" ಅಂದಳು.

"ಲೈನು ಹೋಗಿರ್ಬೇಕು," ಅಂದಳು ಕವನ. "ನಮ್ಮ ಬೀದೀಲೂ ಇಲ್ಲ."

ಸುಳ್ಳು ಎಷ್ಟು ನುಣ್ಣಗೆ ಬಂತು ಅಂದರೆ ಅವಳಿಗೇ ಭಯವಾಯಿತು.

"ತಲೆ ನೋಡು ಹೆಂಗಾಗಿದೆ, ಕಾಗೆ ಗೂಡು. ಸ್ವಲ್ಪ ಸಿಕ್ಕು ಬಿಡಿಸಿ ಜಡೆ ಹಾಕೇ." ಚೈತ್ರ ಬಾಚಣಿಗೆ ಕೊಟ್ಟು ಬೆನ್ನು ತಿರುಗಿಸಿ ಕೂತಳು.

ಮುಖ ಕಾಣದಂತಾದದ್ದು ಒಳ್ಳೆಯದೇ ಆಯಿತು ಅಂದುಕೊಂಡು ಕವನ ಬಾಚತೊಡಗಿದಳು. ಮೂರು ಎಳೆ ಮಾಡಿದಳು. ಎಡದ್ದನ್ನು ನಡುವೆ ತಂದಳು, ಬಲದ್ದನ್ನು ನಡುವೆ ತಂದಳು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಈಗ ಅಲ್ಲಿ ಸಿದ್ದಲಿಂಗಮ್ಮನಿಗೆ ಕೊನೆಯ ಸ್ನಾನ ಮಾಡಿಸುತ್ತಿರಬಹುದು. ಇಲ್ಲಿ ಮಗಳು ಬಸವೇಶನ ಗೊರಕೆಯನ್ನು ಅಣಕಿಸುತ್ತಿದ್ದಾಳೆ. ಅಳು ತಡೆಯಲು ಕವನ ಎಳೆಯನ್ನು ಬಿಗಿಯಾಗಿ ಜಗ್ಗಿದಳು.

"ಎಳೀಬೇಡ್ವೇ," ಅಂದಳು ಚೈತ್ರ. "ನೋಯುತ್ತೆ."

ಕವನಳ ಕೈ ನಿಂತಿತು.

ಪರೀಕ್ಷೆಯ ಆ ಬೆಳಿಗ್ಗೆ ತನ್ನ ಬೆನ್ನ ಹಿಂದೆ ಕೂತಿದ್ದವಳಿಗೆ ಹದಿನೇಳು ವರ್ಷ. ಅವಳಿಗೆ ಮುದ್ದೆ ಬಡಿಸಿ ಕತ್ತೆ ಅಂದಿದ್ದ ಹೆಂಗಸು ಸತ್ತಿದ್ದಳು. ಅವಳು ಅಳುವಂತಿರಲಿಲ್ಲ. ಅವಳ ಕೈಯಲ್ಲಿ ಇದ್ದದ್ದು ಬರೀ ಮೂರು ಎಳೆ ಕೂದಲು. ಕೈ ಒರಟಾಗಿದ್ದು ಯಾಕೆ ಅಂತ ಕವನಳಿಗೆ ಎಂಟು ವರ್ಷ ತಡವಾಗಿ, ಬೆರಳುಗಳಿಂದ ಗೊತ್ತಾಯಿತು.

ಅಂದು ಯೋಚಿಸಿ ನೋಡಲು ಚೈತ್ರಳಿಗೆ ಹೊತ್ತಿರಲಿಲ್ಲ. ಇಂದು ಕವನಳಿಗೆ ಇತ್ತು.

"ಚೈತ್ರಾ, ಇಲ್ಲಿ ತಿರುಗು."

"ಮುಗೀತಾ?"

"ಇಲ್ಲ. ತಿರುಗು." ಅವಳು ಚೈತ್ರಳ ಎರಡೂ ಕೈ ಹಿಡಿದುಕೊಂಡಳು. "ಅಮ್ಮ ಹೋದ್ರು ಕಣೇ. ಇವತ್ತು ಬೆಳಿಗ್ಗೆ. ನಿನಗೆ ಹೇಳ್ಬೇಡ ಅಂತ ನಿಮ್ಮಪ್ಪ ಕಳಿಸಿದ್ರು. ಐದು ಗಂಟೆಗೆ ತೋಟದಲ್ಲಿ. ಇನ್ನೂ ಟೈಮಿದೆ. ನೀನು ನೋಡಬಹುದು."

ಚೈತ್ರ ಅವಳ ಮುಖವನ್ನೇ ನೋಡಿದಳು. ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ ಪುಟ್ಟಗೌರಮ್ಮ ಹಣೆ ಚಚ್ಚಿಕೊಂಡರು.

"ಅಂದೇಬಿಟ್ಯಾ! ಅಷ್ಟು ಹೇಳಿದ್ನಲ್ಲ ತಾಯಿ! ಯಾವ ಜನ್ಮದ ಹಗೆ ತೀರಿಸ್ಕೊಳ್ಳಕ್ಕೆ ಬಂದೆ ನೀನು? ಒಂಬತ್ತು ದಿನದ ಕೂಸು, ಹಾಲು ಬತ್ತೋದ್ರೆ ನೀನ್ ಕೊಡ್ತೀಯ ಹಾಲ?"

ಹಗೆ ಅನ್ನುವ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಚೈತ್ರ ಮಂಚದಿಂದ ಕಾಲು ಕೆಳಗಿಟ್ಟಳು.

"ಅತ್ತೆ, ಆಟೋ ಶಿವಸ್ವಾಮಿಗೆ ಹೇಳಿ ಕಳಿಸಿ."

"ಹಸಿ ಮೈಯಲ್ಲಿ ಹೊಸ್ಲು ದಾಟ್ತೀಯೇನೆ?"

"ನಮ್ಮಮ್ಮ ಅತ್ತೆ." ಅಷ್ಟೇ ಅಂದಳು.

ಪುಟ್ಟಗೌರಮ್ಮ ಬಟ್ಟಲು ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಸೀರೆಯೊಂದನ್ನು ತಂದು ಸೊಸೆಯ ಹೊಟ್ಟೆಗೆ ಬಿಗಿಯಾಗಿ ಸುತ್ತಿದರು. "ಹೋಗೋದಾದ್ರೆ ಸೊಂಟ ಬಿಗ್ಯಾಗಿ ಕಟ್ಕೊಂಡು ಹೋಗು" ಅಂತ ಗೊಣಗುತ್ತ, ಫ್ಲಾಸ್ಕಿನಲ್ಲಿ ಬಿಸಿನೀರು, ಮಗುವಿನ ಟೋಪಿ, ಗಾಳಿ ಸೋಕದಿರಲಿ ಅಂತ ಬೇವಿನ ಸೊಪ್ಪು, ಒಂದು ಅಡಕತ್ತರಿ ಎಲ್ಲ ಚೀಲಕ್ಕೆ ತುರುಕಿದರು. ಕವನಳ ಕೈಗೆ ಚೀಲ ಕೊಡುವಾಗ ಮುಖ ನೋಡಲಿಲ್ಲ. "ಕೂಸನ್ನ ಸಮಾಧಿ ಹತ್ರ ಒಯ್ಯಬೇಡ. ನಿನ್ ಮಡಿಲಲ್ಲೇ ಇಟ್ಕೋ."

ಆಟೋದಲ್ಲಿ ಚೈತ್ರ ಅತ್ತಳು. ಹೊರಗಿನ ಬಿಸಿಗಾಳಿಗೆ ಅರ್ಧ ಹಾಕಿದ ಜಡೆ ಬಿಚ್ಚಿ ಬಿಚ್ಚಿ ಕವನಳ ಮುಖಕ್ಕೆ ಬಡಿಯುತ್ತಿತ್ತು. ಶಿವಸ್ವಾಮಿ ಕನ್ನಡಿ ತಿರುಗಿಸಿಕೊಂಡು, ಹಿಂದೆ ನೋಡದೆ ಓಡಿಸಿದ.

ತೋಟ ತಲುಪಿದಾಗ ಬಾಳೆಯ ಸಾಲುಗಳ ಆಚೆ ಜನ ಸೇರಿದ್ದರು. ಚೈತ್ರ ಇಳಿದಳು, ಅವಸರದಲ್ಲಿ ಬರಿಗಾಲಲ್ಲಿ ಬಂದಿದ್ದಳು. ಬದುವಿನ ಮಣ್ಣು ಸುಡುತ್ತಿತ್ತು. ಕವನ ತನ್ನ ಚಪ್ಪಲಿ ಬಿಚ್ಚಿ ಅವಳ ಕಾಲ ಮುಂದೆ ತಳ್ಳಿದಳು, ಈ ಸಲ ಎರಡನ್ನೂ. ಚೈತ್ರ ಮೆಟ್ಟಿಕೊಂಡು, ಸೊಂಟ ಹಿಡಿದುಕೊಂಡು, ನಿಧಾನಕ್ಕೆ ಬಾಳೆಯ ನೆರಳಿನೊಳಗೆ ಹೋದಳು.

ಪುಟ್ಟಬಸವಯ್ಯ ಮಗಳನ್ನು ಕಂಡು, ಅವಳ ಹಿಂದೆ ಬದುವಿನ ಮೇಲೆ ಮಗು ಎತ್ತಿಕೊಂಡು ನಿಂತಿದ್ದವಳನ್ನು ಕಂಡು, ಹತ್ತಿರ ಬಂದರು.

"ಬೇಡ ಅಂದಿದ್ನಲ್ಲವ್ವ."

"ನನ್ ಕೈಲಿ ಆಗ್ನಿಲ್ಲ ಅಪ್ಪಾಜಿ."

ಅವರು ಅವಳನ್ನು ಬೈಯಲು ಬಾಯಿ ತೆರೆದರೇನೋ. ಅಷ್ಟರಲ್ಲಿ ಹಳೆಯದೆಲ್ಲ ನೆನಪಾಯಿತೋ ಏನೋ, ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಜನರ ಕಡೆ ಹೋದರು.

ಕವನ ಹೊಂಗೆಯ ಮರದ ಕೆಳಗೆ ಕೂತಳು. ಮಂತ್ರ ಕೇಳಿಸಿತು, ಅಳು ಕೇಳಿಸಿತು, ಆಮೇಲೆ ಗುದ್ದಲಿಯ ಸದ್ದು. ಮಗು ಎದ್ದು, ಅವಳ ರವಿಕೆಗೆ ಬಾಯಿ ಹಾಕಿ, ಏನೂ ಸಿಗದೆ ಚೀರತೊಡಗಿತು. "ಬತ್ತಾಳೆ ಇರು, ನಿಮ್ಮವ್ವ ಬತ್ತಾಳೆ" ಅಂತ ಅವಳು ತೂಗಿದಳು. ಬಾಯಿಂದ ಬಂದ ದನಿ ಮರಿತಾಯಮ್ಮನದೇ ಆಗಿತ್ತು.

ಚೈತ್ರ ವಾಪಸು ಬಂದಾಗ ಬಿಸಿಲು ಇಳಿದಿತ್ತು. ಎರಡೂ ಅಂಗೈಗೆ ಮಣ್ಣು ಮೆತ್ತಿತ್ತು. ಅವಳು ಮರದ ಬುಡಕ್ಕೆ ಒರಗಿ ಕುಸಿದು ಕೂತಳು.

"ಎರಡು ಹಿಡಿ ಹಾಕ್ದೆ," ಅಂದಳು. "ಒಂದು ನಂದು. ಇನ್ನೊಂದು ನಿಂದು. ನಿನ್ನ ಕೇಳ್ಲಿಲ್ಲ. ಬೈತೀಯಾ?"

ಕವನ ಫ್ಲಾಸ್ಕು ತೆಗೆದು ಅವಳ ಕೈಗೆ ನೀರು ಹೊಯ್ದಳು. ಬೆರಳ ಸಂದಿಯ ಮಣ್ಣನ್ನು ತಾನೇ ಉಜ್ಜಿ ಉಜ್ಜಿ ತೊಳೆದಳು. ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಚೈತ್ರ ಸೆರಗು ಮುಚ್ಚಿ ಎದೆಗೆ ಹಿಡಿದಳು. ಇಬ್ಬರೂ ಉಸಿರು ಹಿಡಿದು ಕಾದರು. ಮಗು ತಡಕಾಡಿತು, ಕಚ್ಚಿಕೊಂಡಿತು, ಆಮೇಲೆ ಗುಟುಕು ಗುಟುಕಾಗಿ ನುಂಗುವ ಸಣ್ಣ ಸದ್ದು ಶುರುವಾಯಿತು.

"ಬತ್ತಿಲ್ಲ," ಅಂದಳು ಚೈತ್ರ.

"ಹೂಂ. ಬತ್ತಿಲ್ಲ."

ಬಾಳೆ ಎಲೆಗಳು ಗಾಳಿಗೆ ಹರಿದು ಹರಿದು ಅಲ್ಲಾಡುತ್ತಿದ್ದವು. ಗಂಟಲಿನ ಮುಳ್ಳು ಇನ್ನೂ ಅಲ್ಲೇ ಇತ್ತು. ಕವನ ಅದನ್ನು ಮೆಲ್ಲಗೆ ಹೊರಗೆಳೆದಳು.

"ಚೈತ್ರಾ, ಅವತ್ತು ನಮ್ಮವ್ವನ ಮೊಕ ಎಂಗಿತ್ತು?"

ಚೈತ್ರ ಹೇಳಬೇಕಾದ್ದನ್ನು ಎಂಟು ವರ್ಷದಿಂದ ಬಾಡದ ಹಾಗೆ ಎಲ್ಲೋ ಇಟ್ಟಿದ್ದವಳು, ಈಗ ಅಲ್ಲಿಂದ ಎತ್ತಿಕೊಂಡು ಬರುತ್ತಿದ್ದ ಹಾಗಿತ್ತು.

"ಕಾಸಿನಗಲ ಕುಂಕುಮ ಇಟ್ಟಿದ್ರು. ಹಸಿರು ಸೀರೆ. ಕೂದಲು ಸ್ವಲ್ಪ ಕಿವಿ ಮೇಲೆ ಬಂದಿತ್ತು, ನಾನೇ ಹಿಂದಕ್ಕೆ ಸರಿಸ್ದೆ. ನಗ್ತಿದ್ರು, ಮಲಗಿದಂಗಿದ್ರು ಅಂತೆಲ್ಲ ಹೇಳಲ್ಲ ಕಣೇ. ನಿನ್ ಹತ್ರ ಇನ್ನು ಸುಳ್ಳು ಹೇಳಲ್ಲ. ಬಾಯಿ ಒಂಚೂರು ತೆರೆದಿತ್ತು. ಯಾರನ್ನೋ ಬೈಯಕ್ಕೆ ಶುರು ಮಾಡಿ ನಿಲ್ಲಿಸಿದಂಗೆ."

"ಯಾರನ್ನ?"

"ನನ್ನನ್ನೇ ಅಂದ್ಕೊಂಡೆ."

ಕವನ ಮೊಣಕಾಲಿಗೆ ಮುಖ ಒತ್ತಿಕೊಂಡಳು. ಅವಳಿಗೆ ಆ ಮುಖ ಕಂಡಿತು: ಕಿವಿಯ ಮೇಲಿನ ಕೂದಲು, ಬೈಗುಳಕ್ಕೆಂದು ತೆರೆದ ಬಾಯಿ. ಅಪ್ಪಟ ಅವ್ವ. ನಗು ಬಂತೋ ಅಳು ಬಂತೋ ತಿಳಿಯದೆ ಅವಳ ಬೆನ್ನು ಅಲುಗುತ್ತಿತ್ತು. ಚೈತ್ರ ಮಗುವಿಗೆ ಹಾಲು ಕುಡಿಸುತ್ತಲೇ, ತೊಳೆದು ಇನ್ನೂ ಒದ್ದೆಯಾಗಿದ್ದ ಕೈಯನ್ನು ಆ ಬೆನ್ನ ಮೇಲಿಟ್ಟಳು.

"ಇನ್ನೂ ಹೇಳು," ಅಂದಳು ಕವನ, ಮುಖ ಎತ್ತದೆ. "ಮೊದಲಿಂದ ಹೇಳು."